ಓದದೆ ತರುವ ಆಳು

ಕತ್ತರಿರಾಯರಿಗೆ ಆ ಹೆಸರಿಟ್ಟವರು ಅವರ ಕಚೇರಿಯವರು. ಊರಿನ ನೀರು, ಚರಂಡಿ, ಬೀದಿದೀಪಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಕಚೇರಿ ಅದು. ಅದನ್ನು ಯಾವ ಪತ್ರಿಕೆ ಎಲ್ಲಿ ಬೈದಿದೆ, ಎಲ್ಲಿ ಹೊಗಳಿದೆ ಎಂದು ಹುಡುಕಿ, ಕತ್ತರಿಸಿ, ಹಾಳೆಗೆ ಅಂಟಿಸಿ, ಮೂಲೆಯಲ್ಲಿ ತಾರೀಖು ಹಾಕಿ ಕಪಾಟಿಗೆ ಸೇರಿಸುವುದು ರಾಯರ ಕೆಲಸ. ಬೈಗುಳಕ್ಕೆ ಗೋಡೆ ತುಂಬ ಕಪಾಟುಗಳಿದ್ದವು. ಹೊಗಳಿಕೆಗೆ ಒಂದು ಸಣ್ಣ ಡಬ್ಬ ಸಾಕಾಗಿತ್ತು. ಕತ್ತರಿಯನ್ನು ಯಾರೂ ಎತ್ತಿಕೊಂಡು ಹೋಗದಂತೆ ಮೇಜಿನ ಕಾಲಿಗೆ ಹುರಿಯಿಂದ ಕಟ್ಟಿದ್ದರು. ಆ ಮೇಜಿನ ಅಂಚಿಗೆ ಉಜ್ಜಿ ಉಜ್ಜಿ ರಾಯರ ಬಲತೋಳಿನ ತುದಿಯ ಗುಂಡಿ ಯಾವಾಗಲೂ ಕಿತ್ತು ಬರುತ್ತಿತ್ತು. ಕಿತ್ತ ಗುಂಡಿಯನ್ನು ಅವರು ಜೋಪಾನವಾಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದು ಅಲ್ಲೇ ಇರುತ್ತಿತ್ತು, ತೋಳು ಮಾತ್ರ ಹಾರಾಡುತ್ತಿತ್ತು.

ರಾಯರಿಗೆ ಕೆಲಸದಲ್ಲಿ ಒಂದು ನೇಮವಿತ್ತು. ಕಚೇರಿಯ ಹೆಸರು ಕಣ್ಣಿಗೆ ಬಿದ್ದರೆ ಕತ್ತರಿಸುವುದು, ಕತ್ತರಿಸಿದ್ದನ್ನು ಓದದೇ ಇರುವುದು. ಓದುತ್ತಾ ಕೂತರೆ ಕತ್ತರಿಸುವವರು ಯಾರು ಎಂದು ಅವರು ಕೇಳುತ್ತಿದ್ದರು. ಒಮ್ಮೆ ಕಚೇರಿಯೇ ಬೇರೆ ಕಟ್ಟಡಕ್ಕೆ ಹೋಗುತ್ತದೆ ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ರಾಯರು ಅಷ್ಟನ್ನೂ ನೀಟಾಗಿ ಕತ್ತರಿಸಿದರು, ಮೂರು ಮೂರು ಪ್ರತಿ ಅಂಟಿಸಿದರು, ಮಾರನೆಯ ಸೋಮವಾರ ಹಳೆಯ ಕಟ್ಟಡದ ಬೀಗದ ಮುಂದೆ ಊಟದ ಡಬ್ಬಿ ಹಿಡಿದು ನಿಂತರು. ಕಾವಲುಗಾರ ಎದ್ದು ಬಂದು ವಿಷಯ ಹೇಳಿದಾಗ, ನನಗೆ ಯಾರೂ ತಿಳಿಸಲೇ ಇಲ್ಲವಲ್ಲ ಎಂದು ಮುನಿಸಿಕೊಂಡರಂತೆ. ಈ ಕತೆಯನ್ನು ಅವರ ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಕಾಫಿಯ ಜೊತೆ ಕೊಡುತ್ತಾರೆ.

ಕಾಲ ಕತ್ತರಿಗೇ ಕತ್ತರಿ ಹಾಕಿತು. ಪತ್ರಿಕೆಗಳು ಕಾಗದ ಬಿಟ್ಟು ಕಂಪ್ಯೂಟರಿನೊಳಗೆ ಹೋಗಿ ಕೂತವು. ರಾಯರ ಕೆಲಸ ಹೋಯಿತೆಂದೇ ಎಲ್ಲರೂ ತಿಳಿದಿದ್ದಾಗ, ಕಂಪ್ಯೂಟರ್ ವಿಭಾಗದಲ್ಲಿದ್ದ ಗಡ್ಡದವನೊಬ್ಬ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರಿಯ ಕಿಟಕಿಯೊಂದನ್ನು ತೆರೆದು ತೋರಿಸಿದ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ. ಇಂಥ ವಿಳಾಸಕ್ಕೆ ಹೋಗು, ಅಲ್ಲಿರುವ ಪುಟ ತಾ, ಇಂಥ ಹೆಸರಿನಲ್ಲಿ ಇಡು ಎಂದು ಬರೆದರೆ ಅದು ಹೋಗಿ ತಂದು ಇಡುತ್ತದೆ. ಅಂಥ ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದು ಒಂದು ಫೈಲು ಮಾಡಿಟ್ಟರೆ, ಅದಕ್ಕೆ ಬ್ಯಾಚ್ ಫೈಲು ಎನ್ನುತ್ತಾರೆ. ಆಮೇಲೆ ಆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು, ಎಷ್ಟು ಪುಟ ಬೇಕಾದರೂ ತಾನೇ ತಂದು ಸುರಿಯುತ್ತದೆ.

ರಾಯರು ಕರಗಿಹೋದರು. ಅವರಿಗೆ ಹಿಡಿಸಿದ್ದು ಅದರ ವೇಗವಲ್ಲ. ಅದೂ ತಂದಿದ್ದನ್ನು ಓದುವುದಿಲ್ಲ ಎಂಬುದು. ಅಂದಿನಿಂದ ಆ ಫೈಲನ್ನು 'ನಮ್ಮ ಆಳು' ಎಂದೇ ಕರೆದರು. ಗಡ್ಡದವನು ಎರಡು ಬುದ್ಧಿಮಾತು ಹೇಳಿದ್ದ. ಒಂದು ಪುಟ ತಂದ ಮೇಲೆ ಸ್ವಲ್ಪ ಹೊತ್ತು ತಡೆದು ಇನ್ನೊಂದಕ್ಕೆ ಹೋಗುವಂತೆ ನಡುವೆ ಒಂದು ಸಾಲು ಬರೆಯಬೇಕು, ಎದುರಿಗಿರುವ ಯಂತ್ರಕ್ಕೂ ಉಸಿರಾಡಲು ಬಿಡಬೇಕು. ಎರಡನೆಯದು, ತಂದ ಪುಟಗಳಲ್ಲಿ ನಾಲ್ಕನ್ನಾದರೂ ತೆರೆದು ನೋಡಬೇಕು. ಮೊದಲನೆಯದನ್ನು ರಾಯರು ಕಚೇರಿಯಲ್ಲಿ ಪಾಲಿಸಿದರು. ಎರಡನೆಯದು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಇನ್ನು ಅವರ ಅಕ್ಕನ ವಿಷಯ. ಅಕ್ಕ ಅದೇ ಮನೆಯ ಮಹಡಿಯಲ್ಲಿದ್ದಳು. ಬೀದಿಯ ಕಡೆಯ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಗೋಡೆಗೆ ಅಳತೆಪಟ್ಟಿ, ನೆಲದ ಮೇಲೆ ಚೂರುಬಟ್ಟೆಯ ಗುಡ್ಡ. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಮದುವೆಯ ಕೋಟು, ಏನು ಕೊಟ್ಟರೂ ಹೊಲಿದು ಕೊಡುವವಳು. ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಅಂಗಡಿಯವರೊಬ್ಬರು 'ದಾರದುಂಡೆ' ಎಂಬ ಜಾಲತಾಣ ನಡೆಸುತ್ತಿದ್ದರು. ಅದರಲ್ಲಿ ಓದುಗರ ಹೊಲಿಗೆ ಸಂದೇಹಗಳಿಗೆ ಉತ್ತರ ಕೊಡುವ ಜಾಗ ಅಕ್ಕನದು. ಅಕ್ಕ ಹೊಲಿದಷ್ಟೇ ಗಟ್ಟಿಯಾಗಿ ಬರೆಯುತ್ತಿದ್ದಳು. ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುವ ಗಿರಾಕಿಗೆ ಏನು ಮಾಡಲಿ ಎಂದು ಯಾರೋ ಕೇಳಿದ್ದಕ್ಕೆ, ಅವರ ಜೊತೆ ಮಾತು ತೆಗೆಯಿರಿ, ಉಸಿರು ಬಿಗಿಹಿಡಿದು ಮಾತಾಡುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಬರೆದಿದ್ದಳು.

ಇದನ್ನೆಲ್ಲ ಓದಿ ನಗುತ್ತಿದ್ದವರು ರಾಯರ ಹೆಂಡತಿ. ರಾಯರು ಒಂದು ಸಾಲನ್ನೂ ಓದಿದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಅಕ್ಕ ಮೆಟ್ಟಿಲ ಬಳಿ ನಿಂತು, ಮೊನ್ನೆಯದು ನೋಡಿದೆಯಾ ಎಂದು ಕೇಳಿದರೆ, ಬಹಳ ಚೆನ್ನಾಗಿತ್ತು ಅಕ್ಕ ಎಂದು ಚಪ್ಪಲಿ ಹುಡುಕತೊಡಗುತ್ತಿದ್ದರು. ಅಕ್ಕ ಹೂಂ ಎನ್ನುತ್ತಿದ್ದಳು. ಆ ಹೂಂನಲ್ಲಿ ಏನಿದೆ ಎಂದು ರಾಯರು ಯೋಚಿಸಿರಲಿಲ್ಲ.

ಒಂದು ದಿನ ದಾರದುಂಡೆಯ ಯಜಮಾನರು ಪ್ರಕಟಣೆ ಹಾಕಿದರು. ಈಗೀಗ ಯಾರೂ ಇತ್ತ ತಲೆ ಹಾಕುತ್ತಿಲ್ಲ, ಎಲ್ಲರೂ ವಿಡಿಯೋ ನೋಡುತ್ತಾರೆ, ಆದ್ದರಿಂದ ತಿಂಗಳ ಕೊನೆಗೆ ತಾಣ ಮುಚ್ಚುತ್ತೇವೆ ಎಂದು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳದವಳಂತೆ, ಹೋದರೆ ಹೋಗಲಿ, ಪರದೆ ಹೊಲಿಯುವುದು ಬೇಕಾದಷ್ಟಿದೆ ಎಂದಳು. ಆದರೆ ಮಹಡಿಯಿಂದ ಬರುತ್ತಿದ್ದ ಯಂತ್ರದ ಸದ್ದು ಬದಲಾಯಿತು. ಸ್ವಲ್ಪ ತುಳಿಯುವುದು, ನಿಲ್ಲುವುದು. ಮತ್ತೆ ತುಳಿಯುವುದು, ನಿಲ್ಲುವುದು. ಕೆಳಗೆ ಊಟಕ್ಕೆ ಕೂತ ರಾಯರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರು ಓದದ ಮನುಷ್ಯನೇ ಹೊರತು ಪ್ರೀತಿಯಿಲ್ಲದ ಮನುಷ್ಯನಲ್ಲ. ತಂದೆಯಿಲ್ಲದ ಮನೆಯಲ್ಲಿ ಅವರ ಶಾಲೆಯ ಚಡ್ಡಿಯಿಂದ ಮೊದಲ ಕೆಲಸದ ಅಂಗಿಯವರೆಗೆ ಎಲ್ಲವನ್ನೂ ಹೊಲಿದವಳು ಆ ಅಕ್ಕ. ಎದ್ದು ಕೈ ತೊಳೆದು ಮಹಡಿ ಹತ್ತಿದರು.

"ಅಕ್ಕ, ನೀನು ಬರೆದಿದ್ದು ಒಂದಕ್ಷರಾನೂ ಹೋಗೋಕೆ ಬಿಡಲ್ಲ. ನಮ್ಮ ಆಳಿಗೆ ಹೇಳಿ ಅಷ್ಟನ್ನೂ ಮನೆಗೆ ತರಿಸ್ತೀನಿ."

ಅಕ್ಕ ಬಾಯಲ್ಲಿದ್ದ ದಾರ ಕಡಿದು, ನಿನ್ನ ಆಳು ಬಿಟ್ಟಿ ಕೆಲಸ ಮಾಡುತ್ತಾನಾ ಎಂದು ಕೇಳಿದಳು. ಅಷ್ಟರಲ್ಲೇ ಅವಳ ಮುಖ ಕೊಂಚ ತಿಳಿಯಾಗಿತ್ತು.

ಭಾನುವಾರ ಬೆಳಿಗ್ಗೆ ರಾಯರು ಮನೆಯ ಕಂಪ್ಯೂಟರಿನ ಮುಂದೆ ಕೂತರು. ದಾರದುಂಡೆಯ ಪುಟಗಳಿಗೆಲ್ಲ ಒಂದರಿಂದ ಶುರುವಾಗಿ ಸಾಲಾಗಿ ಸಂಖ್ಯೆಗಳಿದ್ದವು. ಆದ್ದರಿಂದ ಕೆಲಸ ಸುಲಭವಿತ್ತು: ಒಂದರಿಂದ ಕೊನೆಯವರೆಗೆ ಎಣಿಸುತ್ತಾ ಹೋಗು, ಒಂದೊಂದನ್ನೇ ತಾ, ಅದೇ ಸಂಖ್ಯೆಯ ಹೆಸರಲ್ಲಿ ಇಡು. ನಡುವೆ ತಡೆಯುವ ಸಾಲು ಬರೆಯಲು ಬೆರಳು ಹೋಯಿತು. ತಾಣವೇ ಮುಚ್ಚುತ್ತಿರುವಾಗ ಇನ್ನೆಂಥ ಉಸಿರು ಎಂದು ಬಿಟ್ಟುಬಿಟ್ಟರು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಹಿಂದಿನಿಂದ ಹೆಂಡತಿ ಹೇಳಿದ್ದು ಬೇರೆ ಕಾರಣಕ್ಕೆ, ಕಾಫಿಗೆ ಹಾಲು ಇನ್ನೂ ಕಾಯಬೇಕಿತ್ತು. ಅದೂ ರಾಯರಿಗೆ ಕೇಳಿಸಲಿಲ್ಲ.

ಆಳು ಓಡಿದ. ಕರಿಯ ಕಿಟಕಿಯಲ್ಲಿ ಸಾಲುಗಳು ಸರಸರನೆ ಮೇಲೇರಿದವು. ರಾಯರು ಸ್ನಾನ ಮಾಡಿ ಬರುವಷ್ಟರಲ್ಲಿ ಎಲ್ಲ ಸಂಖ್ಯೆಗಳೂ ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು. ಒಂದನ್ನೂ ತೆರೆಯಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರಿಗೆ ಎಣಿಕೆ ಸರಿಯಿದ್ದರೆ ಎಲ್ಲ ಸರಿ. ಕಚೇರಿಯ ಪದ್ಧತಿಯಂತೆ ಮೂರು ಪ್ರತಿ ಬೇಕಲ್ಲ, ಇನ್ನೂ ಎರಡು ಸಲ ಓಡಿಸಿದರು. ಅಷ್ಟೇ ಅಲ್ಲ, ಅಕ್ಕ ಕಡೆಯ ದಿನದವರೆಗೆ ಹೊಸದೇನಾದರೂ ಬರೆದರೆ ತಪ್ಪಿಹೋಗಬಾರದೆಂದು, ಕಂಪ್ಯೂಟರ್ ತೆರೆದಾಗಲೆಲ್ಲ ಆಳು ತಾನಾಗಿಯೇ ಎದ್ದು ಅಷ್ಟನ್ನೂ ಹೊಸದಾಗಿ ತರುವಂತೆ ಏರ್ಪಾಡು ಮಾಡಿದರು. ಎಲ್ಲ ಭದ್ರವಾಗಿದೆ ಎಂದು ಮಹಡಿಗೆ ಕೂಗಿ ಹೇಳಿದರು. ಯಂತ್ರ ಒಂದೇ ಸಮನೆ ಓಡತೊಡಗಿತು.

ತಿಂಗಳ ಕೊನೆ ಬಂತು. ತಾಣ ಮುಚ್ಚಲಿಲ್ಲ. ಬದಲಿಗೆ ಯಜಮಾನರ ಹೊಸ ಪ್ರಕಟಣೆ ಬಂತು: ಈಚೆಗೆ ಓದುಗರು ತಂಡೋಪತಂಡವಾಗಿ ಬರುತ್ತಿದ್ದಾರೆ, ಇದು ನಾವು ಕನಸಿನಲ್ಲೂ ಕಾಣದ ಜನಸಾಗರ, ಅದರಲ್ಲೂ ಹೊಲಿಗೆ ಸಂದೇಹದ ಪುಟಗಳಿಗೆ ನೂಕುನುಗ್ಗಲು, ಈ ಪ್ರೀತಿಗೆ ಮಣಿದು ದಾರದುಂಡೆ ಮುಂದುವರಿಯುತ್ತದೆ.

ಅಕ್ಕನಿಗೆ ಹತ್ತು ವರ್ಷ ಕಡಿಮೆಯಾಯಿತು. ಕನ್ನಡಕದ ಚೌಕಟ್ಟು ಬದಲಾಯಿಸಿದಳು. ಪರದೆ ಹೊಲಿಸಲು ಬಂದವರಿಗೆ, ಬರೆಯುವ ಕೆಲಸ ಜಾಸ್ತಿ ಇದೆ, ಮುಂದಿನ ವಾರ ಬನ್ನಿ ಎಂದಳು. ಪಕ್ಕದ ಇಸ್ತ್ರಿ ಅಂಗಡಿಯವನು, ಎದುರುಮನೆಯ ದಾದಿ, ಹಾಲಿನವಳು, ಎಲ್ಲರಿಗೂ ಜನಸಾಗರದ ವರದಿ ತಲುಪಿತು. ಕಡೆಗೆ ಒಂದು ಸಂಜೆ ಮೆಟ್ಟಿಲ ಮೇಲೆ ನಿಂತು, ನೀನು ತರಿಸಿಟ್ಟಿದ್ದರಲ್ಲಿ ಆ ಉಸಿರು ಬಿಗಿಹಿಡಿಯುವವರ ಉತ್ತರವನ್ನು ಒಂದು ಹಾಳೆಗೆ ಇಳಿಸಿಕೊಡು, ಗೋಡೆಗೆ ಅಂಟಿಸುತ್ತೇನೆ ಎಂದು ರಾಯರಿಗೆ ಹೇಳಿದಳು.

ಆ ಉತ್ತರವಿದ್ದ ಪುಟದ ಸಂಖ್ಯೆ ನೋಡಿ ರಾಯರು ಫೈಲು ತೆರೆದರು. ಅದರಲ್ಲಿ ಒಂದೇ ಸಾಲು ಇತ್ತು: "ಸ್ವಲ್ಪ ತಾಳಿ. ಒಂದೇ ಸಲಕ್ಕೆ ಇಷ್ಟು ಜನ ನುಗ್ಗಿದರೆ ನಮ್ಮ ಬಾಗಿಲು ಚಿಕ್ಕದು." ಪಕ್ಕದ ಸಂಖ್ಯೆ ತೆರೆದರು. ಸ್ವಲ್ಪ ತಾಳಿ. ಎರಡನೆಯ ಪ್ರತಿ, ಮೂರನೆಯ ಪ್ರತಿ, ಎಲ್ಲೆಲ್ಲೂ ಸ್ವಲ್ಪ ತಾಳಿ. ಮೊದಲ ನಾಲ್ಕಾರು ಪುಟ ಕೊಟ್ಟ ಮೇಲೆ ಎದುರಿನ ಯಂತ್ರ ಸುಸ್ತಾಗಿ ಕೈಮುಗಿದಿತ್ತು. ಆಳು ಆ ಕೈಮುಗಿದದ್ದನ್ನೇ ಬಾರಿ ಬಾರಿ ತಂದು, ಬೇರೆ ಬೇರೆ ಹೆಸರಿಟ್ಟು, ಜೋಡಿಸಿದ್ದ.

ಆ ನಾಲ್ಕಾರು ಪುಟ ಬಿಟ್ಟರೆ ಅಕ್ಕನ ಒಂದಕ್ಷರವೂ ಮನೆಗೆ ಬಂದಿರಲಿಲ್ಲ.  ರಾಯರಿಗೆ ನಿಧಾನವಾಗಿ ಇನ್ನೊಂದು ವಿಷಯವೂ ಹೊಳೆಯಿತು. 'ಇಷ್ಟು ಜನ' ಅಂದರೆ ಯಾರು? ಬಾಗಿಲು ತಟ್ಟಿದವರನ್ನೆಲ್ಲ ಎಣಿಸುವ ಯಜಮಾನರ ಲೆಕ್ಕದಲ್ಲಿ ಆ ಜನಸಾಗರ ಎಲ್ಲಿಂದ ಬಂತು? ರಾಯರು ಕಂಪ್ಯೂಟರನ್ನು ನೋಡಿದರು, ಆಮೇಲೆ ಬಾಗಿಲು ಹಾಕಿಕೊಂಡರು.

ಹೆಂಡತಿಗೆ ಮಾತ್ರ ಹೇಳಿದರು. ಅವರು ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡು ಗಂಭೀರವಾದರು.

"ರೀ, ನಿಮ್ಮ ಆಳನ್ನ ನಿಲ್ಲಿಸಿದ್ರೆ ಅತ್ತಿಗೆಯ ಓದುಗರೆಲ್ಲ ಒಂದೇ ದಿನಕ್ಕೆ ಸತ್ತುಹೋಗ್ತಾರೆ. ನಿಲ್ಲಿಸದೆ ಇದ್ರೆ ದಿನಾ ಅವರಿಗೆ ಸುಳ್ಳು ಹೇಳಿದ ಹಾಗೆ. ನೀವೇ ನೋಡಿ."

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾಯರು ಕಡೆಗೆ ಅರ್ಧ ದಾರಿ ಹಿಡಿದರು. ತಡೆಯುವ ಸಾಲನ್ನು ಬರೆದರು. ಈಗ ಆಳು ಸಭ್ಯನಾಗಿ ಒಂದೊಂದೇ ಪುಟ ತರತೊಡಗಿದ, ಬಂದವು ನಿಜವಾದ ಪುಟಗಳೇ. ಒಂದೆರಡನ್ನು ತೆರೆದು, ತಲೆಬರಹ ಬೇರೆ ಬೇರೆ ಇದೆ ಎಂದು ಖಚಿತ ಮಾಡಿಕೊಂಡು ಮುಚ್ಚಿದರು. ಅಕ್ಕನ ಗೋಡೆಗೆ ಹಾಳೆಯೂ ಬಂತು. ಆದರೆ ದಿನವೂ ಅಷ್ಟೂ ಪುಟ ತರುವ ಏರ್ಪಾಡನ್ನು ನಿಲ್ಲಿಸಲು ಕೈ ಬರಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಜನಸಾಗರ ಹೊರಡುತ್ತಿತ್ತು. ಅಕ್ಕ ಓದುಗರ ಮಾತೆತ್ತಿದರೆ ರಾಯರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಅಕ್ಕ ಅವರನ್ನು ಮೇಲಕ್ಕೆ ಕರೆದಳು. ಯಂತ್ರದ ಮೇಲೆ ಯಾರದೋ ಅಂಗಿಯ ಅರ್ಧ ತೋಳು ಮಲಗಿತ್ತು. ಕಣ್ಣಿಗೆ ಯಾಕೋ ಮಂಜು, ನಿನ್ನ ಫೋನಿನಲ್ಲಿ ನನ್ನ ಈಚಿನ ಉತ್ತರ ತೆಗೆದು ಓದಿ ಹೇಳು, ಅಕ್ಷರತಪ್ಪು ಇದೆಯಾ ನೋಡಬೇಕು ಎಂದಳು. ಹೊಸ ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು. ರಾಯರಿಗೆ ಅದು ಕಾಣಲಿಲ್ಲ.

ಸ್ಟೂಲಿನ ಮೇಲೆ ಕೂತು ಓದಲು ಶುರು ಮಾಡಿದರು. ಮಕ್ಕಳ ಅಂಗಿಗೆ ಜೇಬು ಇಡುವುದು ಹೇಗೆ ಎಂಬ ಪ್ರಶ್ನೆ. ಅಕ್ಕನ ಉತ್ತರ: ಮಕ್ಕಳ ಜೇಬಿನಲ್ಲಿ ಕಲ್ಲು, ಸೀಮೆಸುಣ್ಣ, ಒಮ್ಮೊಮ್ಮೆ ಜೀವವಿರುವ ಜೀರುಂಡೆ ಕೂಡ ಇರುವುದರಿಂದ ದೊಡ್ಡವರ ಜೇಬಿಗಿಂತ ಗಟ್ಟಿಯಾಗಿರಬೇಕು. ರಾಯರಿಗೆ ನಗು ಬಂತು. ಜೀರುಂಡೆ ತಮ್ಮದೇ ಎಂದು ನೆನಪಾಯಿತು. ದಾರ ಜೋಡಿಯಾಗಿರಲಿ, ಮೂಲೆಗಳಲ್ಲಿ ಎರಡು ಸಲ ಹೊಲಿಗೆ ಬೀಳಲಿ, ಬಟ್ಟೆಯನ್ನು ಅಂಗಿಯ ಮೇಲಿಟ್ಟು ನಾಲ್ಕೂ ಬದಿ ಬಿಗಿಯಾಗಿ ಹೊಲಿಯಿರಿ. ಅಲ್ಲಿಗೆ ರಾಯರು ನಿಂತರು. ಹಿಂದಕ್ಕೆ ಹೋಗಿ ಆ ಸಾಲನ್ನು ಇನ್ನೊಮ್ಮೆ ಓದಿದರು.

"ಅಕ್ಕ, ನಾಲ್ಕೂ ಬದಿ ಹೊಲಿದ್ರೆ ಕೈ ಹೋಗೋದು ಎಲ್ಲಿಂದ?"

ಅಕ್ಕ ಕಾಲು ತೆಗೆದು ಯಂತ್ರ ನಿಲ್ಲಿಸಿದಳು.

"ಅಂತೂ ಒಬ್ಬ ಓದುಗ ಸಿಕ್ಕಿದ."

ಆಮೇಲೆ ಅವಳು ಹೇಳಿದ್ದನ್ನು ರಾಯರು ತಲೆ ತಗ್ಗಿಸಿ ಕೇಳಿದರು. ಇಷ್ಟು ಜನ ಬರುತ್ತಾರಂತೆ, ಒಬ್ಬರಾದರೂ ಹೊಸ ಪ್ರಶ್ನೆ ಕೇಳುವುದಿಲ್ಲ, ಬೈಯುವುದಿಲ್ಲ, ಜಗಳ ತೆಗೆಯುವುದಿಲ್ಲ. ಇದೆಂಥ ಓದುಗರು ಎಂದು ಅವಳಿಗೆ ಬಹಳ ದಿನದಿಂದ ಅನುಮಾನ. ಅದಕ್ಕೇ ತಾನೇ ಒಂದು ಪ್ರಶ್ನೆ ಹುಟ್ಟಿಸಿ, ಬೇಕೆಂದೇ ಜೇಬಿನ ಬಾಯಿ ಹೊಲಿದು ನೋಡಿದಳು. ಯಜಮಾನರು ಜನಸಾಗರ ಉಕ್ಕುತ್ತಿದೆ ಎಂದರು, ಆ ಸಾಗರದಲ್ಲಿ ಒಂದು ಮೀನೂ ಬಾಯಿ ಬಿಡಲಿಲ್ಲ. ನಿನ್ನ ಹೆಂಡತಿ ಒಬ್ಬಳು ಓದಿ ಗಮನಿಸುತ್ತಿದ್ದಳೋ ಏನೋ, ಅವಳು ತವರಿಗೆ ಹೋಗಿದ್ದ ವಾರವನ್ನೇ ನೋಡಿ ಬರೆದೆ ಎಂದಳು.

"ಓದದೆ ಎತ್ತಿಟ್ಟುಕೊಳ್ಳೋನು ನಮ್ಮ ವಂಶದಲ್ಲಿ ಒಬ್ಬನೇ ಕಣೋ. ನನ್ನ ಮಾತು ಎಷ್ಟು ಸಲ ಮನೆಗೆ ತರಿಸಿದೆ ನೀನು?"

"ಲೆಕ್ಕ ಇಟ್ಟಿಲ್ಲ ಅಕ್ಕ."

"ಒಂದು ಸಲ ಓದಬಾರದಿತ್ತಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಯರಿಗೆ ಸುಲಭವಾಗುತ್ತಿತ್ತು, ಚಪ್ಪಲಿ ಹುಡುಕಿಕೊಂಡು ಇಳಿಯಬಹುದಿತ್ತು. ಅವರಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಇಷ್ಟು ವರ್ಷ ಅಕ್ಕನ ಹೂಂನಲ್ಲಿ ಇದ್ದದ್ದು ಇದೇ ಎಂದು ಈಗ ತಿಳಿಯಿತು. ಆಳಿಗಾದರೆ ಓದಲು ಬರುವುದಿಲ್ಲ, ತನಗೆ ಬರುತ್ತಿತ್ತು.

ಯಜಮಾನರಿಗೆ ನಿಜ ಹೇಳು ಎಂದು ಅಕ್ಕ ಅಪ್ಪಣೆ ಮಾಡಿದಳು. ರಾಯರು ಅಲ್ಲಿಂದಲೇ ಫೋನು ಮಾಡಿ, ಆ ಜನಸಾಗರ ನಾನೊಬ್ಬನೇ ಸ್ವಾಮಿ ಎಂದು ಒಪ್ಪಿಕೊಂಡರು.  ಆ ಕಡೆಯಿಂದ ಯಜಮಾನರು ನಿಟ್ಟುಸಿರು ಬಿಟ್ಟು, ಆ ನೂಕುನುಗ್ಗಲು ನಂಬಿ ತಾಣದ ಜಾಗಕ್ಕೆ ಇನ್ನೊಂದು ವರ್ಷದ ಬಾಡಿಗೆ ಕಟ್ಟಿ ಆಗಿಹೋಗಿದೆ, ಇನ್ನೇನು ಮಾಡುವುದು, ನಡೆಯಲಿ ಎಂದರು. ಇಡುವ ಮೊದಲು ಒಂದು ಮಾತು ಸೇರಿಸಿದರು. ಆ ಜೇಬಿನ ಉತ್ತರ ನನಗೂ ವಿಚಿತ್ರ ಅನಿಸಿತ್ತು, ಆದರೆ ಅಷ್ಟು ಜನ ಒಪ್ಪಿದ ಮೇಲೆ ನಾನ್ಯಾಕೆ ಕೇಳಲಿ ಅಂತ ಸುಮ್ಮನಾದೆ. ಅದನ್ನು ಕೇಳಿ ಅಕ್ಕ ಯಂತ್ರದ ಮೇಲೆ ತಲೆಯಿಟ್ಟು ನಕ್ಕಳು.

ರಾಯರು ಆ ಸಂಜೆಯೇ ಏರ್ಪಾಡು ಬದಲಾಯಿಸಿದರು. ಆಳು ಈಗ ದಿನಕ್ಕೊಂದೇ ಪುಟ ತರುತ್ತಾನೆ, ಅದನ್ನು ರಾಯರು ಕಾಫಿಯ ಜೊತೆ ಓದುತ್ತಾರೆ. ಒಬ್ಬರೇ ನಗುವುದನ್ನು ನೋಡಿ ಹೆಂಡತಿ ಮೊದಮೊದಲು ಹೆದರಿದರು. ಕಚೇರಿಯಲ್ಲೂ ಆ ಚಾಳಿ ಅಂಟಿಕೊಂಡು ಕೆಲಸ ನಿಧಾನವಾಗಿದೆ. ಎಂಥೆಂಥ ಬೈಗುಳ ಇಷ್ಟು ವರ್ಷ ಕತ್ತರಿಸಿಟ್ಟೆನಲ್ಲ ಎಂದು ಬೆರಗಾಗುತ್ತಾರೆ.

ಹೀಗಿರುವಾಗ ಒಂದು ದಿನ ರಾಯರು ತಾವೇ ದಾರದುಂಡೆಗೆ ಪ್ರಶ್ನೆ ಬರೆದರು. ಮೇಜಿನ ಅಂಚಿಗೆ ಉಜ್ಜಿ ಬಲತೋಳಿನ ಗುಂಡಿ ಪದೇ ಪದೇ ಕಿತ್ತು ಬರುತ್ತದೆ, ಪರಿಹಾರವೇನು ಎಂದು. ಕೆಳಗೆ 'ಒಬ್ಬ ಓದುಗ' ಎಂದು ಸಹಿ ಹಾಕಿದರು. ಮೆಟ್ಟಿಲ ಬಳಿ ಅಕ್ಕ ಎದುರಾದರೂ ಇಬ್ಬರೂ ಆ ಮಾತೆತ್ತಲಿಲ್ಲ, ಅವಳು ಹಾಲಿನ ವಿಷಯ ಮಾತಾಡಿದಳು.

ಗುರುವಾರ ಬೆಳಿಗ್ಗೆ ಆಳು ಉತ್ತರ ತಂದಿಟ್ಟ. ಗುಂಡಿಯನ್ನು ಬಟ್ಟೆಗೆ ತೀರಾ ಅಂಟಿಸಿ ಹೊಲಿಯಬಾರದು, ಕೆಳಗೆ ದಾರವನ್ನು ಸುತ್ತಿ ಒಂದು ಸಣ್ಣ ಕತ್ತು ಬಿಡಬೇಕು, ಆಗ ಉಜ್ಜಿದರೂ ಬಾಗುತ್ತದೆಯೇ ಹೊರತು ಕೀಳುವುದಿಲ್ಲ. ಕಿತ್ತ ಗುಂಡಿ ಕೆಲವರ ಜೇಬಿನಲ್ಲೇ ವರ್ಷಗಟ್ಟಲೆ ಇರುತ್ತದೆ, ಅಂಥವರಿಗೆ ಹೊಲಿಗೆ ಹೇಳಿಕೊಟ್ಟು ಪ್ರಯೋಜನವಿಲ್ಲ. ಅವರು ಇದನ್ನು ಕಡೆಯ ಸಾಲಿನವರೆಗೆ ಓದಿದ್ದೇ ಆದರೆ, ಅಂಗಿ ಹಾಕಿಕೊಂಡು ಮೇಲೆ ಬರಲಿ.

ರಾಯರು ಕಾಫಿ ಅಲ್ಲೇ ಬಿಟ್ಟು ಮಹಡಿ ಹತ್ತಿದರು. ಅಕ್ಕ ಬಾಗಿಲ ಕಡೆಗೆ ಮುಖ ಮಾಡಿ ಕೂತಿದ್ದಳು. ಸೂಜಿಗೆ ದಾರ ಆಗಲೇ ಪೋಣಿಸಿಯಾಗಿತ್ತು.